ಟೆಕ್ನೋ ಲೇಬಲ್ ನಡೆಸುವ ಪ್ರೊಡ್ಯೂಸರ್‌ಗೆ ಎರಡು ಕಿವಿ ಬೇಕು

ಸಂಗೀತ ಹೊರತರುವ ಲೇಬಲ್ ಶುರು ಮಾಡ್ತೀನಿ ಅನ್ನುವ ಪ್ರೊಡ್ಯೂಸರ್‌ಗಳು, ಅಂದರೆ ಟ್ರ್ಯಾಕ್ ಕಟ್ಟುವವರು, ಮೊದಲು ಲೋಗೊ ತೋರಿಸುತ್ತಾರೆ. ನಾನು ಕೇಳುವುದು ಮೂರನೇ ರಿಲೀಸ್ ಯಾವುದು ಅಂತ. ಮೊದಲನೆಯದು ಎಲ್ಲರ ಹತ್ತಿರವೂ ಇರುತ್ತದೆ. ಮೂರು ರಿಲೀಸ್‌ಗೆ ಸಾಕಾಗುವಷ್ಟು ಮುಗಿದ ಟ್ರ್ಯಾಕ್‌ಗಳು ಕೈಯಲ್ಲಿರಲಿ, ಆಮೇಲೆ ಹೆಸರಿಡಿ.

ಎಲೆಕ್ಟ್ರಾನಿಕ್ ನೃತ್ಯಸಂಗೀತವಾದ ಟೆಕ್ನೋ ಬೆಳೆದಿದ್ದೇ ಸಂಗೀತ ಮಾಡುವವರ ಸ್ವಂತ ಲೇಬಲ್‌ಗಳಲ್ಲಿ. ಅಮೆರಿಕದ ಡೆಟ್ರಾಯಿಟ್‌ನ ಹುವಾನ್ ಅಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್ ಶುರು ಮಾಡಿದರು, ಮರುವರ್ಷ ಡೆರಿಕ್ ಮೇ ಟ್ರಾನ್ಸ್‌ಮ್ಯಾಟ್ ತೆರೆದರು. 1992ರಲ್ಲಿ ಜೆಫ್ ಮಿಲ್ಸ್ ಆಕ್ಸಿಸ್ ಕಟ್ಟಿದರು. ಯಾರದೋ ಒಪ್ಪಿಗೆಗೆ ಕಾಯದೆ ತಮ್ಮ ಸಂಗೀತವನ್ನು ತಾವೇ ಹೊರತಂದ ಈ ಪರಂಪರೆ ನನಗೆ ಬಹಳ ದೊಡ್ಡದು. ಆದರೆ ತಡೆಯುವವರು ಯಾರೂ ಇಲ್ಲದಿರುವುದೇ ಇದರಲ್ಲಿರುವ ಅಪಾಯ. ಹಾಗಾಗಿ ನನ್ನ ಟ್ರ್ಯಾಕ್ ನನ್ನ ಲೇಬಲ್‌ನಲ್ಲಿ ಬರಬೇಕಾದರೆ, ನಾನು ನಂಬುವ ಇನ್ನೊಬ್ಬರು ‘ಹೂಂ’ ಅನ್ನಲೇಬೇಕು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಬೇರೆಯವರು ಕಳಿಸಿದ ಡೆಮೊ (ಮಾದರಿ ಟ್ರ್ಯಾಕ್) ಕೇಳುವಾಗ ತೊಂದರೆ ತಿರುಗುಮುರುಗು. ಲೇಬಲ್ ನಡೆಸಲು ಬರೀ ಕೇಳುವ ಕಿವಿ ಬೇಕು, ಆದರೆ ಪ್ರೊಡ್ಯೂಸರ್ ಕಿವಿ ಸುಮ್ಮನಿರುವುದಿಲ್ಲ. ಕಿಕ್ ಡ್ರಮ್ ಇನ್ನೂ ಗಟ್ಟಿ ಇರಬೇಕಿತ್ತು, ತಾಳ ನಿಲ್ಲುವ ಬ್ರೇಕ್ ಬೇಗ ಬರಬೇಕಿತ್ತು ಅಂತ ಮನಸ್ಸಿನಲ್ಲೇ ಮಿಕ್ಸ್ ಮಾಡಲು ಕೂತುಬಿಡುತ್ತದೆ. ಒಮ್ಮೆ ಒಂದು ಟ್ರ್ಯಾಕ್ ಬಂತು. ಹೈ-ಹ್ಯಾಟ್ (ಸಿಂಬಲ್ ದನಿ) ಗ್ರಿಡ್‌ಗಿಂತ, ಅಂದರೆ ಕಂಪ್ಯೂಟರಿನ ಕರಾರುವಾಕ್ಕಾದ ತಾಳದ ಗೆರೆಗಿಂತ, ಕೂದಲೆಳೆಯಷ್ಟು ಹಿಂದೆ, ಹಿನ್ನೆಲೆಯಲ್ಲಿ ಟೇಪಿನ ಹಿಸ್, ಎಂಟು ನಿಮಿಷ ಹೆಚ್ಚುಕಡಿಮೆ ಒಂದೇ ಲೂಪ್. ಫಿಲ್ಟರ್ ಮಾತ್ರ ಗೊತ್ತಾಗದಷ್ಟು ನಿಧಾನವಾಗಿ ತೆರೆದುಕೊಳ್ಳುತ್ತಿತ್ತು. ಆ ಹ್ಯಾಟನ್ನು ಗ್ರಿಡ್‌ಗೆ ತಂದಿದ್ದರೆ ಟ್ರ್ಯಾಕ್ ಸತ್ತುಹೋಗುತ್ತಿತ್ತು. ಬಂದ ಹಾಗೆಯೇ ಬಿಡುಗಡೆ ಮಾಡಿದೆ. ಡೆಮೊ ಪೂರ್ತಿ ಕೇಳಿ, ಮಾರನೇ ದಿನ ಬೇರೆ ಸ್ಪೀಕರ್‌ನಲ್ಲಿ ಇನ್ನೊಮ್ಮೆ ಕೇಳಿ. ಬದಲಾವಣೆಗಳ ಪಟ್ಟಿ ಉದ್ದವಾಗುತ್ತಿದೆ ಅನ್ನಿಸಿದರೆ ಅದು ನಿಮ್ಮ ಲೇಬಲ್‌ನ ಟ್ರ್ಯಾಕ್ ಅಲ್ಲ. ಮರ್ಯಾದೆಯಿಂದ ಇಲ್ಲ ಅನ್ನಿ, ಆದರೆ ಉತ್ತರ ಕೊಡಿ.

ಇಷ್ಟವಾಯಿತೇ? ಹಾಗಾದರೆ ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚೆ ದನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಮೊದಲು ಕಾಗದ, ಅಂದರೆ ಒಪ್ಪಂದ. ಸ್ನೇಹಿತರಾದರೆ ಇನ್ನೂ ಅಗತ್ಯ. ಒಂದು ಪುಟ ಸಾಕು: ಯಾವ ಟ್ರ್ಯಾಕ್‌ಗಳು, ಎಷ್ಟು ವರ್ಷದ ಹಕ್ಕು, ಯಾವ ಯಾವ ರೂಪದಲ್ಲಿ, ಯಾವ ಖರ್ಚು ಕಳೆಯುತ್ತೀರಿ, ಉಳಿದಿದ್ದು ಹೇಗೆ ಹಂಚಿಕೆ. ಖರ್ಚು ಕಳೆದು ಅರ್ಧ-ಅರ್ಧ ಅನ್ನುವುದು ಈ ಸಂಗೀತದಲ್ಲಿ ಹಳೆಯ ರೂಢಿ, ನ್ಯಾಯವಾದ ರೂಢಿ ಕೂಡ. ರೆಕಾರ್ಡಿಂಗ್‌ನ ಹಕ್ಕು ಬೇರೆ, ಸಂಯೋಜನೆಯ ಹಕ್ಕು ಬೇರೆ. ಎರಡನೆಯದನ್ನು ಕಲಾವಿದರ ಕೈಯಲ್ಲೇ ಬಿಡಿ. ಲೇಬಲ್ ಮುಚ್ಚಿದರೆ ಹಕ್ಕು ತಾನಾಗಿ ಅವರಿಗೆ ಮರಳುತ್ತದೆ ಅಂತಲೂ ಬರೆಯಿರಿ.

ಪ್ರತಿ ರೆಕಾರ್ಡಿಂಗ್‌ಗೂ ಅದನ್ನು ಗುರುತಿಸುವ ಒಂದು ಅಂತರರಾಷ್ಟ್ರೀಯ ಐಎಸ್‌ಆರ್‌ಸಿ ಕೋಡ್ ಬೇಕು, 12 ಅಕ್ಷರ-ಅಂಕಿಗಳದ್ದು. ರೀಮಿಕ್ಸ್‌ಗೆ ಬೇರೆ ಕೋಡ್. ಅದೇ ರೆಕಾರ್ಡಿಂಗ್ ಮುಂದೆ ಸಂಕಲನದಲ್ಲಿ ಬಂದರೆ ಹಳೆಯದೇ ನಡೆಯುತ್ತದೆ.

ಮಾಸ್ಟರಿಂಗ್ ನೀವೇ ಮಾಡಬೇಡಿ. 24 ಬಿಟ್ ವೇವ್ ಫೈಲ್, ಮಾಸ್ಟರ್ ಚಾನೆಲ್‌ನಲ್ಲಿ ಲಿಮಿಟರ್ (ದನಿಯ ಏರಿಕೆಗೆ ಮಿತಿ ಹಾಕುವ ಸಾಧನ) ಇಲ್ಲದೆ, ಮೇಲೆ ಕೆಲವು ಡೆಸಿಬೆಲ್ ಜಾಗ ಬಿಟ್ಟು ಕಳಿಸಿ. ವಿನೈಲ್‌ಗೆ, ಅಂದರೆ ಸೂಜಿಯಲ್ಲಿ ನುಡಿಸುವ ರೆಕಾರ್ಡ್‌ಗಾದರೆ ಅದಕ್ಕೇ ಬೇರೆ ಮಾಸ್ಟರ್ ಕೇಳಿ.

ವಿನೈಲ್ ನನ್ನ ಜೀವ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೇಸ್‌ನ ಎಡ-ಬಲಗಳ ನಡುವೆ ಫೇಸ್ (ಅಲೆಗಳ ಹೊಂದಿಕೆಯ) ವ್ಯತ್ಯಾಸ ಹೆಚ್ಚಾದರೆ ಗ್ರೂವ್ (ಸೂಜಿ ಓಡುವ ಕಾಲುವೆ) ಮೇಲೆ-ಕೆಳಗೆ ಜೋರಾಗಿ ಏರಿಳಿಯುತ್ತದೆ, ಸೂಜಿ ಹಾರುತ್ತದೆ. ಆದ್ದರಿಂದ ಕೆಳಗಿನ ನಾದವೆಲ್ಲ ಮೋನೋ, ಅಂದರೆ ಎಡ-ಬಲ ಎರಡರಲ್ಲೂ ಒಂದೇ ಇರಲಿ. 12 ಇಂಚಿನ ರೆಕಾರ್ಡ್ 45 ಆರ್‌ಪಿಎಂನಲ್ಲಿ (ನಿಮಿಷಕ್ಕೆ 45 ಸುತ್ತು) ಜೋರಾಗಿ ಕೇಳಿಸಬೇಕಾದರೆ ಒಂದು ಬದಿಗೆ 9–10 ನಿಮಿಷಕ್ಕೆ ನಿಲ್ಲಿಸಿ. ಅದಕ್ಕಿಂತ ಉದ್ದವಾದಷ್ಟೂ ಗ್ರೂವ್‌ಗಳು ಒತ್ತೊತ್ತಾಗಿ, ದನಿ ಇಳಿಸಬೇಕಾಗುತ್ತದೆ. ಒಳಗಿನ ಸುತ್ತಿಗೆ ಬಂದಂತೆ ಸೂಜಿಯಡಿ ಹಾದುಹೋಗುವ ಗ್ರೂವ್‌ನ ವೇಗ ಕಡಿಮೆ, ಹೈ-ಹ್ಯಾಟ್‌ಗಳು ಒಡೆಯತೊಡಗುತ್ತವೆ. ಬದಿಗೆ ಎರಡು ಟ್ರ್ಯಾಕ್ ಇದ್ದರೆ ಚುರುಕಾದದ್ದು ಹೊರಗೆ, ಮೃದುವಾದದ್ದು ಒಳಗೆ.

ಕಾರ್ಖಾನೆಯಿಂದ ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಒತ್ತಿದ ಪ್ರತಿಗಳು) ಬಂದಾಗ ಒಂದನ್ನೇ ಕೇಳಿ ಒಪ್ಪಿಬಿಡಬೇಡಿ. ಒಂದು ಪ್ರತಿಯಲ್ಲಿ ‘ಟಿಕ್’ ಅಂದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರೆದುಕೊಂಡು ಎರಡನೇ ಪ್ರತಿಯಲ್ಲಿ ಅದೇ ಜಾಗ ಕೇಳಿ. ಎರಡರಲ್ಲೂ ಇದ್ದರೆ ದೋಷ ಲೋಹದ ಅಚ್ಚಿನಲ್ಲೋ ಅದಕ್ಕೂ ಹಿಂದೆ ಗ್ರೂವ್ ಕೊರೆಯುವ ಕಟಿಂಗ್‌ನಲ್ಲೋ ಇದೆ, ಕಾರ್ಖಾನೆಗೆ ತಿಳಿಸಲೇಬೇಕು. ಒಂದರಲ್ಲಿ ಮಾತ್ರ ಇದ್ದರೆ ಬಹುಶಃ ಧೂಳು ಅಥವಾ ಆ ಪ್ರತಿಯದೇ ಗೀರು. ಉದ್ದನೆಯ ಪ್ಯಾಡ್ ಸ್ವರ ಸುತ್ತಿಗೊಮ್ಮೆ ಓಲಾಡಿದರೆ ನಡುವಿನ ತೂತು ಕೇಂದ್ರ ತಪ್ಪಿದೆ.

ಹಣದ ಮಾತು. ರೆಕಾರ್ಡ್ ಒತ್ತುವ ಖರ್ಚನ್ನೂ ಅಂಗಡಿಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರೇ ಹಾಕುವ ಒಪ್ಪಂದ ಸಿಕ್ಕರೆ ಖುಷಿ, ಆದರೆ ಮಾರಾಟದಿಂದ ಆ ಖರ್ಚು ವಸೂಲಾಗುವವರೆಗೆ ನಿಮಗೆ ಏನೂ ಬರುವುದಿಲ್ಲ. ಅಂಗಡಿಗಳಿಂದ ವಾಪಸ್ ಬರುವ ಪ್ರತಿಗಳ ಲೆಕ್ಕ ಯಾರ ತಲೆಗೆ ಅನ್ನುವುದನ್ನು ಸಹಿಗೆ ಮುಂಚೆಯೇ ಕೇಳಿ. ಕೇಳುಗರಿಗೆ ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ನೇರ ಮಾರಿದರೆ ಡಿಜಿಟಲ್‌ಗೆ ಶುರುವಿನಲ್ಲಿ 15%, ರೆಕಾರ್ಡ್‌ಗಳಿಗೆ 10% ಅವರ ಪಾಲು, ಪಾವತಿ ಶುಲ್ಕ ಬೇರೆ. ಕೆಲವು ಪ್ರತಿಗಳನ್ನಾದರೂ ನೇರ ಮಾರಾಟಕ್ಕೆ ಇಟ್ಟುಕೊಳ್ಳಿ.

ಪ್ರೊಮೋ (ಪ್ರಚಾರದ ಪ್ರತಿ) ಸಾವಿರ ಜನಕ್ಕೆ ಕಳಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಈ ಸಂಗೀತವನ್ನು ನಿಜವಾಗಿ ನುಡಿಸುವ ಡಿಜೆಗಳು ಯಾರು ಅಂತ ಅವರ ಸೆಟ್ ಕೇಳಿ ಗುರುತಿಸಿ, ಒಬ್ಬೊಬ್ಬರಿಗೂ ಎರಡು ಸಾಲು ಬರೆದು ಕಳಿಸಿ.

ವರ್ಷಕ್ಕೆ ಎರಡು ಸಲ ಲೆಕ್ಕ ಕಳಿಸಿ. ಮೊತ್ತ ಸೊನ್ನೆ ಇದ್ದರೂ ಕಳಿಸಿ; ಎಷ್ಟು ಮಾರಾಟವಾಯಿತು, ಇನ್ನೆಷ್ಟು ಖರ್ಚು ವಸೂಲಾಗಬೇಕಿದೆ ಅನ್ನುವುದು ಕಲಾವಿದರಿಗೆ ಗೊತ್ತಿರಬೇಕು. ರೆಕಾರ್ಡ್ ಖಾಲಿಯಾಗುತ್ತಾ ಬಂದಾಗ ಕಾರ್ಖಾನೆಯವರನ್ನು ಕೇಳಿ, ಲೋಹದ ಅಚ್ಚುಗಳನ್ನು ಎಷ್ಟು ದಿನ ಇಟ್ಟಿರುತ್ತಾರೆ, ಅವು ಯಾರ ಹೆಸರಲ್ಲಿವೆ ಅಂತ. ಅವು ನಿಮ್ಮವೇ ಆಗಿದ್ದರೆ ಮರುಮುದ್ರಣಕ್ಕೆ ಮತ್ತೆ ಕಟಿಂಗ್ ಖರ್ಚು ಬರುವುದಿಲ್ಲ.