ಕಟ್ಟಪುಣಿ ಕಡಿದ ಮೇಲೆ ಕಾಂಡ್ಲಾ ಬಂತು: ನನ್ನ ಅನುಭವ

ಉಡುಪಿಯ ಕೆಮ್ಮಣ್ಣು ಕಡೆ ಸ್ವರ್ಣಾ ಹೊಳೆಯ ಬದಿಯಲ್ಲಿ ನಮ್ಮದು ಸುಮಾರು ಒಂದೂವರೆ ಎಕರೆ ಗದ್ದೆ, ಸುತ್ತ ಕಟ್ಟಪುಣಿ, ಅಂದರೆ ಮಣ್ಣಿನ ದಪ್ಪ ಬದು. ಉಪ್ಪುನೀರು ನುಗ್ಗಿ ಭತ್ತ ಬಿಟ್ಟು ಎಷ್ಟೋ ವರ್ಷ ಆಯಿತು. ಈಗ ಅಲ್ಲಿ ಎದೆಮಟ್ಟ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಉಂಟು, ಕಾಲುವೆಯಲ್ಲಿ ಏಡಿ ಉಂಟು. "ಎಂತ ಮಾರಾಯ, ತೆಂಗು ಬಿಟ್ಟು ಕಾಂಡ್ಲಾ ಮಾಡುವುದಾ?" ಎಂದು ನಕ್ಕವರೇ ಈಗ ನೆಡಲು ಕಾಂಡ್ಲಾ ಕಾಯಿ ಕೇಳಿಕೊಂಡು ಬರುತ್ತಾರೆ.

ಸೋತದ್ದನ್ನು ಮೊದಲು ಹೇಳುತ್ತೇನೆ. ನಮ್ಮ ಎದುರಿನ ಹೊಳೆಯ ಕೆಸರಿನಲ್ಲಿ ಒಂದು ಯೋಜನೆಯವರು ಸಾಲು ಹಿಡಿದು ರೈಜೋಫೋರಾ ಎಂಬ ಜಾತಿಯ ಕಾಂಡ್ಲಾ ನೆಟ್ಟು ಹೋದರು. ಫೋಟೋ ಚಂದ ಬಂತು. ಜಾಗ ಮಾತ್ರ ತೀರಾ ತಗ್ಗು, ನೀರು ಇಳಿದರೂ ಬುಡ ಬಯಲಾಗುವುದಿಲ್ಲ. ದೋಣಿಯ ಅಡಿಗೆ ಹಿಡಿಯುವ ಬಿಳಿ ಚಿಪ್ಪು ಕಾಂಡಕ್ಕೆಲ್ಲ ಹಿಡಿದು ಗಿಡ ಬಾಗಿತು. ಮಳೆಗಾಲದಲ್ಲಿ ತೇಲಿ ಬಂದ ತೆಂಗಿನ ಮಡಲು, ಪ್ಲಾಸ್ಟಿಕ್ಕು ಉಳಿದದ್ದನ್ನು ಮಲಗಿಸಿತು. ಎರಡನೇ ಮಳೆಗಾಲಕ್ಕೆ ಅಲ್ಲಿ ಬರೀ ಕೋಲು.

ನನ್ನ ಗದ್ದೆಗೆ ನರ್ಸರಿ ಗಿಡ ತಂದೆ. ಒಂದಕ್ಕೆ 15 ರೂಪಾಯಿ ಇರಬೇಕು, ಟೆಂಪೊ ಬಾಡಿಗೆ ಬೇರೆ. ಸಿಹಿನೀರಿನಲ್ಲಿ ಬೆಳೆಸಿದ್ದವು. ಫೆಬ್ರವರಿ ಬಂದು ಹೊಳೆ ಉಪ್ಪಾದದ್ದೇ ಎಲೆ ಸುಟ್ಟು ಉದುರಿತು. ಹತ್ತಿಪ್ಪತ್ತು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಯಿತು.

ಆಮೇಲೆ ನೆಡುವುದನ್ನೇ ನಿಲ್ಲಿಸಿದೆ. ನೀರು ಸರಿ ಮಾಡಿದರೆ ಗಿಡ ತಾನೇ ಬರುತ್ತದೆ ಎಂಬುದು ನನ್ನ ಹಠ. ನೀರು ತುಂಬಿ ಎರಡು ಜಾಗದ ಮಟ್ಟ ನೋಡುವ ಮೇಸ್ತ್ರಿಗಳ ಲೆವೆಲ್ ಪೈಪ್ ತಂದೆ. ನಮ್ಮ ಗದ್ದೆಯಿಂದ ಸ್ವಲ್ಪ ಆಚೆ ತಾನಾಗಿ ಹುಟ್ಟಿದ ಹಳೇ ಕಾಂಡ್ಲಾ ಇದೆ. ಅದರ ಬುಡದ ಮಟ್ಟ ಹಿಡಿದು, ಪೈಪು ಎಳೆದುಕೊಂಡು ಬಂದು ಗದ್ದೆಯಲ್ಲಿ ಗೂಟ ಹೊಡೆದೆ. ಒಬ್ಬ ಆ ತುದಿ, ಒಬ್ಬ ಈ ತುದಿ, ಪೈಪಿನ ನೀರು ಅಲುಗಾಡುವುದು ನಿಲ್ಲುವವರೆಗೆ ಇಬ್ಬರೂ ಮೊಣಕಾಲು ಕೆಸರಲ್ಲಿ. ಗದ್ದೆಯ ನಡು ಒಂದು ಗೇಣಿನಷ್ಟು ತಗ್ಗಿತ್ತು. ಏರಿ ಬಂದ ನೀರು ಕಟ್ಟಪುಣಿಯೊಳಗೆ ನಿಂತು ಬೇಸಿಗೆಯಲ್ಲಿ ಕುದಿಯುತ್ತಿತ್ತು. ಗಿಡ ಸಾಯದೆ ಇನ್ನೇನು?

ಪುಣಿಯನ್ನು ಎರಡು ಕಡೆ ಕಡಿದೆ. ನಡುವೆ ಒಂದು ದೊಡ್ಡ ಕಾಲುವೆ, ಅದಕ್ಕೆ ಓರೆಯಾಗಿ ಸಣ್ಣವು. ಅಗೆದ ಮಣ್ಣನ್ನೇ ತಗ್ಗಿಗೆ ಹಾಕಿದೆ. ಆಳಿನ ಕೂಲಿ 30 ಸಾವಿರದ ಮೇಲೆ ಆಯಿತು, ಮನೆಯಲ್ಲಿ ಬೈಗುಳ ಪುಕ್ಕಟೆ. ಕಡಿದ ಬಾಯಿ ಎಷ್ಟು ಅಗಲ, ಯಾವ ದಿಕ್ಕಿಗೆ ಎಂಬುದು ನನ್ನ ಗುಟ್ಟು, ಬಂದು ನೋಡಿದವರಿಗೆ ಮಾತ್ರ. ಆ ಮಳೆಗಾಲದಲ್ಲೇ ಅವಿಸೇನಿಯಾ ಎಂಬ ಇನ್ನೊಂದು ಜಾತಿಯ ಕಾಂಡ್ಲಾದ ಬೀಜ ತೇಲಿ ಬಂದು ಕೂತಿತು. ನಾನು ರೈಜೋಫೋರಾ ಕಾಯಿ ಚುಚ್ಚಿದ್ದು ಕಾಲುವೆಯ ಅಂಚಿಗೆ ಮಾತ್ರ. ತಿರುಪಿದರೆ ತೊಟ್ಟಿನಿಂದ ಸಲೀಸಾಗಿ ಬಿಡುವ ಕಾಯಿಯೇ ಆಗಬೇಕು. ಎಳೆದು ಕಿತ್ತದ್ದು ಕೊಳೆಯುತ್ತದೆ. ಸಣ್ಣ ಏಡಿಗಳು ಕಾಯಿ ಕಡಿಯುವುದಕ್ಕೂ ನನ್ನ ಹತ್ತಿರ ಉಪಾಯ ಉಂಟು, ಅದೂ ಈಗ ಬೇಡ.

ದೊಡ್ಡ ಶತ್ರು ಪಕ್ಕದ ಮನೆಗಳ ದನ. ಅವಿಸೇನಿಯಾ ಎಲೆ ಅವಕ್ಕೆ ಬಹಳ ಇಷ್ಟ. ಬೇಲಿಗೆ ದುಡ್ಡಿಲ್ಲ. ಅವರಿಗೂ ಪಾಲು ಸಿಕ್ಕಿದರೆ ದನ ಕಟ್ಟಿಯಾರು ಎಂದೇ ಏಡಿ ಶುರು ಮಾಡಿದ್ದು. ಕಾಲುವೆಯಲ್ಲಿ ಡಬ್ಬ ಇಳಿಸಿ, ಡಬ್ಬಕ್ಕೆ ಒಂದೇ ಏಡಿ (ಎರಡಿಟ್ಟರೆ ಒಂದು ಇನ್ನೊಂದನ್ನು ತಿನ್ನುತ್ತದೆ), ಮಲ್ಪೆಯಿಂದ ಅಗ್ಗದ ಮೀನು ತಂದು ಹಾಕುವುದು. ಪೊರೆ ಬಿಟ್ಟು ಮಾಂಸ ತುಂಬದ ನೀರೇಡಿ ಕಿಲೋಗೆ 400ರ ಹತ್ತಿರ ಸಿಗುತ್ತಿತ್ತು. 25 ದಿನ ತಿನ್ನಿಸಿದರೆ ಸಾವಿರ ದಾಟುತ್ತಿತ್ತು. ಮರುವಾಯಿ (ಹೊಳೆಯ ಚಿಪ್ಪುಜೀವಿ) ಹೆಕ್ಕುವ ಪಕ್ಕದ ಮೂರು ಮನೆಯ ಹೆಂಗಸರನ್ನು ಪಾಲಿಗೆ ಸೇರಿಸಿದೆ. ಒಂದು ಸೀಸನ್‌ಗೆ ಖರ್ಚು ಕಳೆದು ಮನೆಗೆ 15–20 ಸಾವಿರ ಬಂದಿರಬಹುದು. ಮರುವರ್ಷ ಅವರ ದನ ಅವರೇ ಕಟ್ಟಿದರು! ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್, ಮೀನು ಸಿಗುವುದಿಲ್ಲ, ಆಗ ಡಬ್ಬ ಮೇಲೆ.

ನಡುವೆ ಪಚ್ಚಿಲೆಯೂ (ತಿನ್ನುವ ಹಸಿರು ಚಿಪ್ಪುಜೀವಿ) ಮಾಡಿ ನೋಡಿದೆ. ಡಿಸೆಂಬರಿನಲ್ಲಿ ಹಗ್ಗಕ್ಕೆ ಮರಿ ಸುತ್ತಿ ಹೊಳೆಯಲ್ಲಿ ಇಳಿಬಿಟ್ಟೆ. ಒಳ್ಳೇ ಬೆಳೆಯಿತು. ರೇಟು ಏರಲಿ ಎಂದು ಕಾದೆವು. ಮೇ ನಡುವಿನಲ್ಲೇ ಜೋರು ಮಳೆ ಸುರಿದು ನೀರು ಸಿಹಿಯಾಗಿ ಅರ್ಧಕ್ಕರ್ಧ ಬಾಯಿ ಬಿಟ್ಟವು. ವಾಸನೆ ಒಂದು ವಾರ. ಪಚ್ಚಿಲೆ ಮಾಡುವವರು ಏಪ್ರಿಲ್ ಕೊನೆಗೆ ಮಾರಿಬಿಡಿ, ರೇಟು ನೋಡಬೇಡಿ.

ಊರವರಿಗೆ ಸೊಳ್ಳೆ, ಹಾವಿಗಿಂತ ಹೆಚ್ಚು ಹೆದರಿಕೆ ಸಿಆರ್‌ಝಡ್‌ನದು, ಅಂದರೆ ಕರಾವಳಿಯಲ್ಲಿ ಕಟ್ಟುವುದಕ್ಕೆ ಮಿತಿ ಹಾಕುವ ಕಾನೂನಿನದು. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್ 1ಎ, ಅಂದರೆ ಅತಿ ಬಿಗಿ ರಕ್ಷಣೆಯ ವರ್ಗ; ಸರ್ಕಾರಿ ಜಾಗದ್ದು ಸಾವಿರ ಚದರ ಮೀಟರ್ ದಾಟಿದರೆ ಸುತ್ತ 50 ಮೀಟರ್ ಬಫರ್ (ಬಿಡಬೇಕಾದ ಅಂತರ), ಖಾಸಗಿ ಜಾಗದ್ದಕ್ಕೆ ಬಫರ್ ಬೇಡ ಎಂದು 2019ರ ಅಧಿಸೂಚನೆ ಹೇಳುತ್ತದೆ. ನಾಳೆ ಮನೆ ಕಟ್ಟಲು ಆಗದಿದ್ದರೆ ಎಂದು ಕೇಳುತ್ತಾರೆ. ಕೇಳುವುದು ಸರಿಯೇ. ಮನೆ ಕಟ್ಟುವ ಆಸೆ ಇರುವ ಜಾಗದ ಹತ್ತಿರ ಮಾಡಬೇಡಿ, ಮೊದಲೇ ವಿಚಾರಿಸಿಕೊಳ್ಳಿ. ನಮ್ಮದು ಹೇಗೂ ಉಪ್ಪು ತಿಂದ ಗದ್ದೆ.

ಕಾಯಿ ಬೇಕಾದವರು ಜುಲೈಯಲ್ಲಿ ಬನ್ನಿ. ಗೋಣಿ ನೀವೇ ತನ್ನಿ, ದುಡ್ಡು ಬೇಡ. ನಿಮ್ಮ ಜಾಗಕ್ಕೆ ಒಮ್ಮೆ ಲೆವೆಲ್ ಪೈಪ್ ಹಿಡಿಯದೆ ಮಾತ್ರ ಕೊಡುವುದಿಲ್ಲ.