ಬೇವು, ಹೊಂಗೆ ನೆಟ್ಟವರಿಗೆ ನೀರಿನ ಲೆಕ್ಕ

ಬರ ತಡೆಯುವ ಗಿಡ ಅಂತ ಹೊಂಗೆ ಸಸಿ ತಂದು ನೆಟ್ಟು, ಆಮೇಲೆ ಅತ್ತ ತಲೆಯೂ ಹಾಕದೆ ಒಣಗಿಸಿದವರು ನಮ್ಮ ಚಿಂತಾಮಣಿ ಕಡೆ ಬೀದಿಗೊಬ್ಬರು ಸಿಗುತ್ತಾರೆ. ಇನ್ನೊಂದು ಪಂಗಡ ದಿನಾ ಸಂಜೆ ಬುಡಕ್ಕೊಂದು ಚೊಂಬು ನೀರು ಹಾಕಿ ಪುಣ್ಯ ಕಟ್ಟಿಕೊಳ್ಳುವವರದು. ನನ್ನ ಕೇಳಿದರೆ ಗಿಡಕ್ಕೆ ಹೆಚ್ಚು ಕೇಡು ಮಾಡೋರು ಈ ಎರಡನೆಯವರೇ. ಬರ ತಡೆಯೋದು ಆಳಕ್ಕೆ ಬೇರಿಳಿಸಿದ ಮರ, ಕವರಿನಿಂದ ಬಿಡಿಸಿದ ಸಸಿಯಲ್ಲ. ಚೊಂಬು ನೀರು ಮೇಲಿನ ನಾಲ್ಕು ಬೆರಳು ಮಣ್ಣನ್ನಷ್ಟೇ ನೆನೆಸುತ್ತೆ, ಬೇರೂ ಅಲ್ಲೇ ಹರಡಿಕೊಳ್ಳುತ್ತೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಮೊದಲು ಕಾದು ಬೂದಿಯಾಗೋದೂ ಆ ನಾಲ್ಕು ಬೆರಳೇ.

ವರ್ಷವೆಲ್ಲ ನೆರಳು ಬೇಕು ಅನ್ನೋರಿಗೆ ನಮ್ಮ ಕೆಂಪು ಮಣ್ಣಿಗೆ ಹೊಂಗೆ, ಬೇವು, ಹುಣಸೆ, ಮಾವು, ಸಪೋಟ ಸಾಕು. ಹೊಂಗೆ, ಬೇವು ಮಾಘ ಫಾಲ್ಗುಣದಲ್ಲಿ ಸ್ವಲ್ಪ ದಿನ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತವೆ. ಆ ಉದುರೋದನ್ನು ಕಂಡು ಗಾಬರಿಯಾಗಿ ಬಿಂದಿಗೆಗಟ್ಟಲೆ ಸುರಿಯಬೇಡಿ. ಹುಣಸೆಗೆ ಜಾಗ ಬೇಕು, ಮನೆ ಗೋಡೆಯಿಂದ ಮೂವತ್ತಡಿಯಾದರೂ ದೂರ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು ನೋಡಿ ಬಂದರೆ ಯಾಕೆ ಅಂತ ಗೊತ್ತಾಗುತ್ತೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದಾರೆ. ಸೈಟು ಚಿಕ್ಕದು, ಮೇಲೆ ಕರೆಂಟ್ ತಂತಿ ಅನ್ನೋರು ಸೀಬೆಯನ್ನೋ ಸಪೋಟವನ್ನೋ ಹಾಕಿಕೊಂಡು ಆಗಾಗ ತಲೆ ಕತ್ತರಿಸುತ್ತಿರಲಿ. ಆಲ, ಅರಳಿ, ಗೋಣಿ ಮಾತ್ರ ಸಂಪಿನ ಹತ್ತಿರವೂ ಸುಳಿಯಬಾರದು. ನೀಲಗಿರಿನೂ ವರ್ಷವೆಲ್ಲ ಹಸಿರೇ, ನೀರೂ ಕೇಳಲ್ಲ ಅಂತ ವಾದ ಮಾಡೋರಿದ್ದಾರೆ. ಕೇಳಲ್ಲ, ತಾನೇ ತಗೊಳ್ಳುತ್ತೆ. ಸರ್ಕಾರ 2017ರಲ್ಲಿ ಹೊಸದಾಗಿ ಅದನ್ನು ನೆಡಬಾರದು ಅಂತ ನಿಷೇಧ ಹಾಕಿದ್ದು ಸುಮ್ಮನೆ ಅಲ್ಲ.

ಗುಂಡಿಯನ್ನು ಬೇಸಿಗೆಯಲ್ಲೇ ತೆಗೆಸಿ, ಎರಡಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಮಾವಿಗಾದರೆ ಮೂರಡಿ. ಮೇಲಿನ ಅಡಿ ಮಣ್ಣನ್ನು ಒಂದು ಕಡೆ, ಕೆಳಗಿನ ಗರಸು ಮಣ್ಣನ್ನು ಇನ್ನೊಂದು ಕಡೆ ಹಾಕಿಸಿ ಬಿಸಿಲಿಗೆ ಬಿಡಿ. ಮೊದಲ ಹದ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸಿಕ್ಕರೆ ಎರಡು ಬಾಂಡ್ಲಿ ಕೆರೆ ಗೋಡು, ಗೆದ್ದಲಿಗೆ ಅಂತ ಎರಡು ಹಿಡಿ ಬೇವಿನ ಹಿಂಡಿ ಕಲಸಿ ತುಂಬಿ. ಗೋಡು ಜಾಸ್ತಿ ಆದರೆ ನೀರು ಕಟ್ಟಿಕೊಂಡು ನಿಲ್ಲುತ್ತೆ, ಆಸೆ ಬೀಳಬೇಡಿ.

ನೆಡೋದು ಯಾವಾಗ? ಎಲ್ಲರೂ ಜೂನ್ ಅಂತಾರೆ, ಶಾಲೆಗಳಲ್ಲಿ ಪರಿಸರ ದಿನಕ್ಕೆ ನೆಡಿಸೋದೂ ಆಗಲೇ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಕ್ಕೆ ಬೀಳೋದು 700 ಮಿಲಿಮೀಟರ್ ಆಸುಪಾಸು, ಅದರಲ್ಲೂ ಅತಿ ಹೆಚ್ಚು ಬೀಳೋ ತಿಂಗಳು ಸೆಪ್ಟೆಂಬರ್, ಅಕ್ಟೋಬರ್. ಪಾವಗಡ, ಶಿರಾ ಕಡೆಗೆ ಅಷ್ಟೂ ಇಲ್ಲ. ಮೃಗಶಿರದಲ್ಲಿ ನೆಟ್ಟರೆ ಆಷಾಢದ ಒಣಗಾಳಿಗೆ ಸಸಿ ಸಿಕ್ಕಿಬೀಳುತ್ತೆ. ಕೈಲಿ ನೀರಿದ್ದವರು ಜೂನಿನಲ್ಲೇ ನೆಡಲಿ, ಬೇರಿಗೆ ಅಷ್ಟು ತಿಂಗಳು ಹೆಚ್ಚಿಗೆ ಸಿಗುತ್ತೆ. ಟ್ಯಾಂಕರ್ ನಂಬಿಕೊಂಡವರು ಮಘೆ ಕಳೆಯೋವರೆಗೂ ಕಾದು ಹುಬ್ಬೆ, ಉತ್ತರೆ ಮಳೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ನೆಡೋದು ಒಳ್ಳೆಯದು. ಚಿತ್ತೆ, ಸ್ವಾತಿ ಮಳೆಯ ನೀರು ಕುಡಿದುಕೊಂಡು, ಚಳಿಗಾಲದಲ್ಲಿ ಬಿಸಿಲ ಕಾಟವಿಲ್ಲದೆ ಬೇರು ಬಿಡುತ್ತೆ.

ಆಳೆತ್ತರದ ಗಿಡ ಕಂಡು ಮೋಹ ಪಡಬೇಡಿ. ಚಿಕ್ಕ ಕವರಿನಲ್ಲಿ ಉದ್ದುದ್ದ ಬೆಳೆದ ಗಿಡದ ಬೇರು ತಳದಲ್ಲಿ ಸಿಂಬೆ ಸುತ್ತಿಕೊಂಡಿರುತ್ತೆ, ಅದನ್ನು ಹಾಗೇ ಹೂತರೆ ವರ್ಷಗಟ್ಟಲೆ ಅಲ್ಲೇ ಸುತ್ತುತ್ತೆ. ಮೊಣಕಾಲೆತ್ತರದ ಗಟ್ಟಿ ಸಸಿ ಆರಿಸಿ, ಸುತ್ತಿಕೊಂಡ ತುದಿಬೇರನ್ನು ಬ್ಲೇಡಿನಿಂದ ಕತ್ತರಿಸಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಿ. ಕವರ್ ಬಿಚ್ಚಬೇಕು ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಆದರೆ ಕವರ್ ಸಮೇತ ಹೂತ ಗಿಡಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ನೀರು. ಕಾಂಡದ ಬುಡಕ್ಕೆ ಮಣ್ಣು ಏರಿಸಿ, ಒಂದೂವರೆ ಅಡಿ ಆಚೆಗೆ ಸುತ್ತ ಪಾತಿ ಕಟ್ಟಿ. ನೀರು ಪಾತಿಯಲ್ಲಿ ನಿಲ್ಲಬೇಕು, ಕಾಂಡಕ್ಕೆ ತಾಕಿಕೊಂಡು ನಿಲ್ಲಬಾರದು. ಮೊದಲ ತಿಂಗಳು ಮಳೆಯಿಲ್ಲದಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಬಿಂದಿಗೆ. ಆಮೇಲೆ ವಾರಕ್ಕೊಮ್ಮೆ ಎರಡು ಬಿಂದಿಗೆ, ಒಂದೇ ಏಟಿಗೆ ಸುರಿಯದೆ, ಮೊದಲಿನದು ಇಂಗಿದ ಮೇಲೆ ಇನ್ನೊಂದು. ಹೊತ್ತು ಇಳಿದ ಮೇಲೆ ಹಾಕಿ. ಸಾಕಾಯಿತೋ ಇಲ್ಲವೋ ತಿಳಿಯೋಕೆ ಮಾರನೇ ದಿನ ಪಾತಿಯಲ್ಲಿ ಒಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡಿ. ನೆಂದ ಮಣ್ಣಿನಲ್ಲಿ ಸರಾಗ ಇಳಿಯುತ್ತೆ, ಒಣ ಮಣ್ಣು ಸಿಕ್ಕ ಕಡೆ ನಿಂತುಬಿಡುತ್ತೆ. ಒಂದೂವರೆ ಅಡಿ ಇಳಿದರೆ ನೀರು ಸರಿಯಾಗಿದೆ, ಅರ್ಧ ಅಡಿಗೇ ನಿಂತರೆ ನೀವು ಹಾಕಿದ್ದು ಮೇಲುಮೇಲಿನದು.

ಎಲೆ ಜೋಲುಬಿತ್ತು ಅಂತ ಮಟಮಟ ಮಧ್ಯಾಹ್ನ ಕೊಡ ಹಿಡಿದು ಓಡೋದು ಬೇಡ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಆಟ. ಬೆಳಗ್ಗೆ ಎದ್ದು ನೋಡಿದಾಗಲೂ ಜೋಲುಬಿದ್ದಿದ್ದರೆ ಸಲಾಕೆ ಚುಚ್ಚಿ ನೋಡಿ: ಒಣಗಿದ್ದರೆ ನೀರು ಕೊಡಿ. ಮಣ್ಣು ಒದ್ದೆಯಿದ್ದೂ ಎಲೆ ಹಳದಿಯಾಗುತ್ತಿದ್ದರೆ ನೀರು ಹೆಚ್ಚಾಗಿದೆ, ನಿಲ್ಲಿಸಿ.

ಊರಿಗೆ ಹೋಗಿ ಬರೋರಿಗೆ, ನೀರು ಕಡಿಮೆ ಇರೋರಿಗೆ ಮಡಕೆ ಉಪಾಯ ಇದೆ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಗಿಡದಿಂದ ಒಂದಡಿ ದೂರದಲ್ಲಿ ಕತ್ತಿನವರೆಗೂ ಹೂತು, ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದ ಹಾಗೆ ಚಪ್ಪಡಿ ಮುಚ್ಚಿ. ಮಡಕೆ ಮೆಲ್ಲಗೆ ಜಿನುಗುತ್ತೆ, ಬೇರು ಹುಡುಕಿಕೊಂಡು ಅತ್ತ ಬರುತ್ತೆ. ನಮ್ಮ ಸಾವಿರ ಅಡಿ ಬೋರ್‌ವೆಲ್‌ಗಳ ಗಡಸು ನೀರಿಗೆ ಬರುಬರುತ್ತಾ ಉಪ್ಪು ಕಟ್ಟಿಕೊಂಡು ಜಿನುಗೋದು ನಿಲ್ಲುತ್ತೆ. ಆಗ ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಇಟ್ಟರಾಯಿತು. ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರನ್ನು ಎಳೆ ಸಸಿಗೆ ದಿನಾ ಹಾಕಬೇಡಿ, ಉಪ್ಪು ಹೆಚ್ಚು. ಬಲಿತ ಹೊಂಗೆ ಅದನ್ನು ತಡೆದುಕೊಳ್ಳುತ್ತೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಯಾವ ಗಿಡಕ್ಕಾದರೂ ಸರಿ.

ಪಾತಿಯ ಮೇಲೆ ತರಗೆಲೆ ನಾಲ್ಕು ಬೆರಳು ದಪ್ಪ ಹಾಸಿ, ಕಾಂಡದಿಂದ ಗೇಣು ಜಾಗ ಬಿಟ್ಟು. ಗೆದ್ದಲು ವಿಪರೀತ ಇದ್ದರೆ ಎಲೆ ಬದಲು ಕಲ್ಲು ಹಾಸಿ, ನಮ್ಮ ಕಡೆ ಅದಕ್ಕೇನು ಬರ! ಗಾಳಿಗೆ ಊರುಗೋಲು ಕೊಟ್ಟು ಹಳೇ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ತಂತಿ ಬೇಡ, ಕಾಂಡ ದಪ್ಪವಾದ ಹಾಗೆ ಸಿಪ್ಪೆಗೆ ಕಚ್ಚುತ್ತೆ.

ಗುಬ್ಬಿಯಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಗಂಡನ ಜೊತೆ ನೀರು ಹೊತ್ತ ಕಥೆ ಎಲ್ಲರ ಬಾಯಲ್ಲೂ ಇದೆ. ಅವರು ಮಳೆಗಾಲ ನೋಡಿ ನೆಟ್ಟಿದ್ದು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದ್ದು ಯಾರಿಗೂ ನೆನಪಿರಲ್ಲ. ಮೇಕೆ ಒಂದು ಸಲ ಕುಡಿ ತಿಂದರೆ ನಿಮ್ಮ ಅರ್ಧ ವರ್ಷದ ನೀರು ಹೋಯಿತು. ಜಾಲಿ ಮುಳ್ಳಾದರೂ ಸರಿ, ನೆಟ್ಟ ದಿನವೇ ಸುತ್ತ ಕಟ್ಟಿ.

ಎರಡನೇ ವರ್ಷ ಪಾತಿಯನ್ನು ಆಚೆಗೆ ಸರಿಸಿ, ಕೊಂಬೆಯ ತುದಿ ಎಲ್ಲಿವರೆಗೆ ಚಾಚಿದೆಯೋ ಅಲ್ಲಿಗೆ. ನೀರು ಕುಡಿಯೋ ಎಳೆ ಬೇರು ಹೊರಗೆ ಹರಡಿರುತ್ತೆ, ಬುಡಕ್ಕೆ ಸುರಿದದ್ದು ದಂಡ. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಮೂರು ನಾಲ್ಕು ಬಿಂದಿಗೆ ಕೊಟ್ಟರೆ ಸಾಕು. ಮೂರನೇ ವರ್ಷ ತಿಂಗಳಿಗೆರಡು ಸಲ, ಅದೂ ಫೆಬ್ರವರಿಯಿಂದ ಮೇವರೆಗೆ ಮಾತ್ರ. ನಾಲ್ಕನೇ ಬೇಸಿಗೆಗೆ ಬೇವು, ಹೊಂಗೆ, ಹುಣಸೆಗೆ ನಿಲ್ಲಿಸಿಬಿಡಿ. ಸಪೋಟ, ಸೀಬೆಗೆ ಮಾತ್ರ ಕಾಯಿ ಬೇಕಾದರೆ ಬೇಸಿಗೆಯಲ್ಲಿ ಆಗಾಗ ಕೊಡುತ್ತಿರಬೇಕು. ಮಾವಿನ ಲೆಕ್ಕವೇ ಬೇರೆ: ಫಲಕ್ಕೆ ಬಂದ ಮರಕ್ಕೆ ನವೆಂಬರಿನಿಂದ ಹೂ ಕಾಣುವವರೆಗೂ ಹನಿ ನೀರು ಹಾಕಬೇಡಿ. ಆಗ ನೀರು ಕಂಡರೆ ಹೂವಿನ ಬದಲು ಚಿಗುರು ಬಿಡುತ್ತೆ. ಕಾಯಿ ಗೋಲಿ ಗಾತ್ರಕ್ಕೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಪಾತಿ ತುಂಬಾ ಕೊಡಿ.