ಸ್ಪಿತಿಗೆ ಹೋದರೆ ಒಂದೇ ಹಳ್ಳಿಯಲ್ಲಿ ಉಳಿಯಿರಿ: ಲಾಂಗ್ಜಾದಲ್ಲಿ ನನ್ನ ಅನುಭವ

ಹಿಮಾಚಲದ ಸ್ಪಿತಿಗೆ ಹೋಗುವ ನಮ್ಮ ಕಡೆಯ ಬಹಳ ಜನ ಅಲ್ಲಿನ ಮುಖ್ಯ ಊರಾದ ಕಾಜಾದಲ್ಲಿ ರೂಮು ಮಾಡುತ್ತಾರೆ. ಬೆಳಿಗ್ಗೆ ಟ್ಯಾಕ್ಸಿ ಹತ್ತಿ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಮೂರನ್ನೂ ಸುತ್ತಿ ಸಂಜೆಯೊಳಗೆ ವಾಪಸ್. ಒಂದೊಂದು ಹಳ್ಳಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ನಾನು ಲಾಂಗ್ಜಾದ ಒಂದು ಮನೆಯಲ್ಲೇ ಉಳಿದುಕೊಂಡೆ. ಅಕ್ಕಪಕ್ಕದ ಊರುಗಳಿಗೆ ಅಲ್ಲಿಂದಲೇ ನಡೆದು ಹೋದೆ. ಹೋಗುವ ಯೋಚನೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯ ವಿಷಯ. ಸ್ಪಿತಿಗೆ ಮನಾಲಿ ಕಡೆಯಿಂದಲೂ ಹೋಗಬಹುದು, ಶಿಮ್ಲಾ–ಕಿನ್ನೌರ್ ಕಡೆಯಿಂದಲೂ ಹೋಗಬಹುದು. ಮನಾಲಿ ದಾರಿ ಹತ್ತಿರ. ಆದರೆ ಸುಮಾರು 2,000 ಮೀಟರ್ ಎತ್ತರದಿಂದ ಹೊರಟವರು ಅದೇ ದಿನ 4,500 ಮೀಟರ್ ಮೀರಿದ ಕುಂಜುಂ ಪಾಸ್ ದಾಟಬೇಕು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಲಾಂಗ್ಜಾ ಇರುವುದು 4,400 ಮೀಟರ್ ಆಸುಪಾಸಿನಲ್ಲಿ. ಬೆಂಗಳೂರಿನಿಂದ ಹೋದ ದೇಹಕ್ಕೆ ಅಷ್ಟು ಬೇಗ ಹೊಂದಿಕೊಳ್ಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಾನು ಉದ್ದದ ದಾರಿಯನ್ನೇ ಹಿಡಿದೆ. ಯಶವಂತಪುರದಿಂದ ಸಂಪರ್ಕ ಕ್ರಾಂತಿ ರೈಲಿನಲ್ಲಿ ಚಂಡೀಗಢ, ಅಲ್ಲಿಂದ ಬಸ್ಸಿನಲ್ಲಿ ಶಿಮ್ಲಾ, ಆಮೇಲೆ ಕಿನ್ನೌರಿನ ರೆಕಾಂಗ್ ಪಿಯೊ. ಪಿಯೊ ಮೇಲಿನ ಕಲ್ಪಾದಲ್ಲಿ ಸ್ವಲ್ಪ ತಂಗಿ, ಮುಂದೆ ಟಾಬೊದಲ್ಲಿ ಇಳಿದೆ. ಟಾಬೊ ಮಠ ಕಟ್ಟಿದ್ದು 996ರಲ್ಲಿ. ಒಳಗಿನ ಗೋಡೆಚಿತ್ರಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು, ಫೋಟೊ ತೆಗೆಯುವಂತಿಲ್ಲ. ಎತ್ತರಕ್ಕೆ ಒಗ್ಗಿಕೊಳ್ಳಲು ಹೇಗೂ ನಿಲ್ಲಲೇಬೇಕು. ಇಂಥ ಜಾಗದಲ್ಲಿ ನಿಂತರೆ ಆ ಸಮಯ ವ್ಯರ್ಥ ಅನ್ನಿಸುವುದೇ ಇಲ್ಲ.

ಪಿಯೊದಿಂದ ಕಾಜಾಕ್ಕೆ ಹಿಮಾಚಲ ಸರ್ಕಾರದ ಬಸ್ ಇದೆ. ಬೆಳಿಗ್ಗೆ ಬೇಗ ಹೊರಡುತ್ತದೆ, ಇಡೀ ಹಗಲು ಹಿಡಿಯುತ್ತದೆ. ಸ್ಟ್ಯಾಂಡಿಗೆ ಮುಂಚೆಯೇ ಹೋಗಿ ಸೀಟು ಹಿಡಿಯಬೇಕು. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್ ಸೇರುತ್ತದೆ. ಅಲ್ಲಿಂದಾಚೆ ಹಸಿರು ಕಾಣುವುದೇ ಅಪರೂಪ. ಮುಂಗಾರು ಈ ಬೆಟ್ಟಗಳನ್ನು ದಾಟಿ ಬರುವುದು ತೀರಾ ಕಡಿಮೆ. ಆದರೆ ಕೆಳಗೆ ಕಿನ್ನೌರಿನಲ್ಲಿ ಮಳೆ ಸುರಿದು ಗುಡ್ಡ ಕುಸಿಯುತ್ತದೆ. ಜುಲೈ, ಆಗಸ್ಟ್ ಬಿಟ್ಟು ಸೆಪ್ಟೆಂಬರಿಗೆ ಹೋಗಿ ಎಂದು ನಾನು ಹೇಳುವುದು ಅದಕ್ಕೇ.

ಕಾಜಾದಲ್ಲಿ ಸುಮ್ನೆ ಕೂರುವುದೂ ಪ್ರಯಾಣದ ಕೆಲಸವೇ. ನಿಧಾನವಾಗಿ ನಡೆದೆ, ಜಾಸ್ತಿ ನೀರು ಕುಡಿದೆ, ಕಣ್ತುಂಬ ನಿದ್ದೆ ಮಾಡಿದೆ. ಎತ್ತರಕ್ಕೆ ಬರುವ ತಲೆನೋವು ಪೂರ್ತಿ ಹೋಗುವ ತನಕ ಮೇಲಕ್ಕೆ ಹತ್ತಬಾರದು. ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ ಯೋಚನೆ ಮಾಡುತ್ತಾ ಕೂರಬೇಡಿ, ತಕ್ಷಣ ಕೆಳಗಿಳಿಯಿರಿ. ಎತ್ತರದ ತೊಂದರೆಗೆ ತೆಗೆದುಕೊಳ್ಳುವ ಮಾತ್ರೆಯ ವಿಷಯವನ್ನು ಊರು ಬಿಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ದುಡ್ಡನ್ನೂ ನೋಟಿನಲ್ಲೇ ಇಟ್ಟುಕೊಳ್ಳಿ.

ಲಾಂಗ್ಜಾ ಚಿಕ್ಕ ಊರು. ಹಿಂದೆ 6,303 ಮೀಟರಿನ ಚೌ ಚೌ ಕಾಂಗ್ ನಿಲ್ಡಾ ಶಿಖರ, ಊರ ಮೇಲೆ ದೊಡ್ಡ ಬುದ್ಧನ ಮೂರ್ತಿ, ಸುಣ್ಣ ಬಳಿದ ಮಣ್ಣಿನ ಮನೆಗಳು. ಚಪ್ಪಟೆ ಮಾಳಿಗೆಯ ಅಂಚಿನಲ್ಲಿ ಒಣ ಹುಲ್ಲು, ಪುಳ್ಳೆ ಒಟ್ಟಿರುತ್ತಾರೆ. ನಾನಿದ್ದ ಮನೆಯ ಯಜಮಾನಿಯನ್ನು ಎಲ್ಲರೂ ಆಮಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಿಂದಿ ಬಂದರೆ ಸಾಕು, ಮಾತಿಗೆ ತೊಂದರೆ ಇಲ್ಲ. ಎದುರು ಸಿಕ್ಕವರಿಗೆ 'ಜೂಲೇ' ಎಂದರೆ ನಮಸ್ಕಾರ ಹೇಳಿದ ಹಾಗೆ.

ಆ ಮನೆಯ ಕಕ್ಕಸಿನ ಬಗ್ಗೆ ಬಿಡಿಸಿ ಹೇಳಬೇಕು. ನಮ್ಮವರು ಹೆದರುವುದೇ ಅದಕ್ಕೆ. ಅದು ಮೇಲಿನ ಅಂತಸ್ತಿನ ಒಂದು ಸಣ್ಣ ಕೋಣೆ. ಮಣ್ಣಿನ ನೆಲದ ನಡುವೆ ಉದ್ದನೆಯ ಒಂದು ಕಂಡಿ, ಮೂಲೆಯಲ್ಲಿ ಬೂದಿ ಬೆರೆಸಿದ ಒಣಮಣ್ಣಿನ ಗುಡ್ಡೆ, ಅದರಲ್ಲಿ ಸಿಕ್ಕಿಸಿಟ್ಟ ಸಲಿಕೆ. ಕೆಲಸ ಮುಗಿದ ಮೇಲೆ ಒಂದೆರಡು ಸಲಿಕೆ ಮಣ್ಣು ಕಂಡಿಗೆ ತಳ್ಳಬೇಕು, ಅಷ್ಟೇ. ವಾಸನೆ ಇಲ್ಲವೇ ಇಲ್ಲ ಎನ್ನಬಹುದು. ಕೆಳಗಿನ ಕೋಣೆಯಲ್ಲಿ ಗೊಬ್ಬರವಾದದ್ದನ್ನು ಆಮೇಲೆ ಹೊಲಕ್ಕೆ ಹೊರುತ್ತಾರೆ. ಚಳಿಗಾಲದಲ್ಲಿ ಕೊಳಾಯಿ ನೀರು ಹೆಪ್ಪುಗಟ್ಟುವ, ಮರವೇ ಇಲ್ಲದ ಈ ಊರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಇಲ್ಲ ಎಂದು ನನಗೆ ಮನವರಿಕೆಯಾಯಿತು. ಪ್ರವಾಸಿಗರಿಗಾಗಿ ಫ್ಲಷ್ ಕಮೋಡ್ ಹಾಕಿಸಿ ಎಂದು ಇಂಥ ಮನೆಯವರನ್ನು ಯಾರೂ ಒತ್ತಾಯಿಸಬಾರದು. ಇಲ್ಲಿನ ಹೊಲಗಳಿಗೆ ನೀರು ಬರುವುದೇ ಮೇಲಿನ ಹಿಮ ಕರಗಿ, ಕಾಲುವೆಯಲ್ಲಿ. ಹಿಮ ಕಡಿಮೆ ಬಿದ್ದ ವರ್ಷ ಬೆಳೆಯೂ ಕಡಿಮೆ. ನಾನು ಮೈ ಕೈ ಒರೆಸಿಕೊಳ್ಳಲು ಒಂದು ಚೊಂಬು ಬಿಸಿನೀರು ಮಾತ್ರ ಕೇಳುತ್ತಿದ್ದೆ. ಸ್ನಾನ ಕಾಜಾಕ್ಕೆ ಇಳಿದ ಮೇಲೆ.

ಬಾರ್ಲಿ ಅವರ ಹಳೆಯ ಬೆಳೆ. ಕೈಗೆ ಕಾಸು ಬರುವುದು ಹಸಿ ಬಟಾಣಿಯಿಂದ. ನಾನು ಹೋದಾಗ ಬಟಾಣಿ ಕೀಳುವುದು ಇನ್ನೂ ಮುಗಿದಿರಲಿಲ್ಲ. ಹಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ನಾನೂ ಹೊಲಕ್ಕೆ ಹೋಗಿ ಕೂತೆ. ಬಳ್ಳಿಯನ್ನು ಎಡಗೈಯಲ್ಲಿ ಹಿಡಿದು ಕಾಯನ್ನು ತೊಟ್ಟಿನ ಹತ್ತಿರ ಚಿವುಟಬೇಕು, ಎಳೆದರೆ ಬಳ್ಳಿಯೇ ಕಿತ್ತು ಬರುತ್ತದೆ ಎಂದು ಆಮಾ ತೋರಿಸಿಕೊಟ್ಟರು. ಅಷ್ಟು ಎತ್ತರದಲ್ಲಿ ಬಗ್ಗಿ ಎದ್ದರೆ ಏದುಸಿರು ಬರುತ್ತದೆ, ಕೂತೇ ಸರಿಯಬೇಕು. ಮಧ್ಯಾಹ್ನ ಹೊಲದಲ್ಲೇ ಉಪ್ಪು, ಬೆಣ್ಣೆ ಹಾಕಿದ ಚಹಾ, ಜೊತೆಗೆ ತ್ಸಾಂಪಾ. ಅದು ಹುರಿದ ಬಾರ್ಲಿಯ ಹಿಟ್ಟು. ನಮ್ಮ ರಾಗಿ ಹುರಿಹಿಟ್ಟನ್ನು ಕಲಸುವ ಹಾಗೇ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುತ್ತಾರೆ. ರಾತ್ರಿ ತಂದೂರ್ ಎನ್ನುವ ಕಬ್ಬಿಣದ ಒಲೆಯ ಸುತ್ತ ಕೂತು ತುಕ್ಪಾ, ಅಂದರೆ ನೂಡಲ್ಸ್ ಹಾಕಿದ ಬಿಸಿ ಸೂಪು. ಊರಿನ ಮಾತೆಲ್ಲ ಕೇಳಿಸುವುದು ಆ ಒಲೆಯ ಹತ್ತಿರವೇ. ಈ ವರ್ಷ ಬಟಾಣಿಗೆ ರೇಟು ಎಷ್ಟು, ಓದಲು ಹೋದ ಮಗ ಯಾವಾಗ ಬರುತ್ತಾನೆ, ಇವೇ ಮಾತು. ಟ್ಯಾಕ್ಸಿಯಲ್ಲಿ ಬಂದು ಹೋಗುವವರಿಗೆ ಇದು ಸಿಗುವುದಿಲ್ಲವಲ್ಲ ಎಂದು ನಿಜಕ್ಕೂ ಬೇಜಾರಾಗುತ್ತದೆ.

ಈ ನೆಲ ಒಂದು ಕಾಲಕ್ಕೆ ಟೆಥಿಸ್ ಎಂಬ ಪುರಾತನ ಸಮುದ್ರದ ತಳ. ಶಂಖದಂತೆ ಸುರುಳಿಯಾದ ಅಮೊನೈಟ್ ಎಂಬ ಕಡಲಜೀವಿಗಳ ಪಳೆಯುಳಿಕೆಗಳು ಊರ ಸುತ್ತ ಸಿಗುತ್ತವೆ. ಮಕ್ಕಳು ಮಾರಲು ತರುತ್ತಾರೆ. ದಯವಿಟ್ಟು ಕೊಳ್ಳಬೇಡಿ, ಹೆಕ್ಕಿ ತರಲೂ ಬೇಡಿ. ಅವು ಅಲ್ಲೇ ಇರಬೇಕಾದವು.

ಹಿಕ್ಕಿಂಗೆ ನಡೆದು ಹೋಗಿ ಅಲ್ಲಿನ ಅಂಚೆ ಕಚೇರಿಯಿಂದ ಮನೆಗೆ ಕಾರ್ಡ್ ಹಾಕಿದೆ. 1983ರಿಂದ ನಡೆಯುತ್ತಿರುವ ಕಚೇರಿ ಅದು. ಕಾಜಾ ಹತ್ತಿರದ ಕೀ ಮಠಕ್ಕೆ ಹೋದ ದಿನ ಒಬ್ಬ ಯುವ ಭಿಕ್ಷು ಎಲ್ಲಿಂದ ಬಂದಿರಿ ಎಂದು ಹಿಂದಿಯಲ್ಲಿ ಕೇಳಿದರು. ಬೆಂಗಳೂರು ಎಂದ ಕೂಡಲೇ "ಊಟ ಆಯ್ತಾ?" ಎಂದರು, ಕನ್ನಡದಲ್ಲಿ! ಅವರು ಓದಿದ್ದು ಬೈಲಕುಪ್ಪೆಯ ಸೆರಾ ಮಠದಲ್ಲಂತೆ. ಕುಶಾಲನಗರದ ಬಸ್ ಸ್ಟ್ಯಾಂಡು, ಅಲ್ಲಿನ ಮಳೆ ಎಲ್ಲ ನೆನೆಸಿಕೊಂಡು ಮಾತಾಡಿದರು. ಆಮೇಲೆ ಅಡುಗೆಕೋಣೆಗೆ ಕರೆದು ಚಹಾ ಕೊಟ್ಟರು.

ಹೊರಡುವಾಗ ಊಟ, ವಸತಿಯ ದುಡ್ಡನ್ನು ಆಮಾ ಹೇಳಿದಷ್ಟೇ ಕೊಟ್ಟೆ. ಇಂಥ ಮನೆಗಳಲ್ಲಿ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬಿಸ್ಕತ್ತಿನ ಕವರು, ಖಾಲಿ ಬ್ಯಾಟರಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಜೊತೆಗೇ ತಂದೆ. ಅಲ್ಲಿ ಕಸ ಒಯ್ಯುವ ಗಾಡಿ ನನಗೆ ಕಾಣಲಿಲ್ಲ. ಕಾಜಾಕ್ಕೆ ಹೋಗುವ ಬಟಾಣಿಯ ಪಿಕಪ್ಪಿನಲ್ಲಿ ಆಮಾ ನನಗೂ ಜಾಗ ಹೇಳಿಟ್ಟಿದ್ದರು. ನಾಲ್ಕು ಮಾತಾಡಿ ಊರವರ ಪರಿಚಯ ಮಾಡಿಕೊಂಡರೆ ಇಂಥ ಗಾಡಿಗಳು ಸಿಗುತ್ತವೆ. ಪಿಯೊ ಕಡೆಯ ಬಸ್ಸೂ ಕಾಜಾದಿಂದ ಬೆಳಿಗ್ಗೆ ಬೇಗ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲೇ ಉಳಿಯುವ ಹಾಗೆ ಲೆಕ್ಕ ಹಾಕಿಕೊಳ್ಳಿ.